ಮೊದಲ ಹೆಪ್ಪು ಯಾರ ಮನೆಯದು?

ಏನೂ ಬರೆಯದ ಹೊಸ ಚಿಪ್‌ನೊಳಗೆ ಸೊನ್ನೆಗಳಿರುವುದಿಲ್ಲ, ಒಂದುಗಳಿರುತ್ತವೆ. ಎಟಿಟೈನಿ85 ಅಂತ ಒಂದು ಮೈಕ್ರೊಕಂಟ್ರೋಲರ್ ಇದೆ. ಎಂಟೇ ಕಾಲಿನದು, ಹೆಬ್ಬೆರಳ ಉಗುರಿನ ಮೇಲೆ ಕೂತುಬಿಡುತ್ತದೆ. ಪ್ರೋಗ್ರಾಮಿಗೆಂದು ಅದರಲ್ಲಿರುವ ಜಾಗ 8 ಕಿಲೊಬೈಟ್, ಅಂದರೆ 65,536 ಬಿಟ್‌ಗಳು. ಅಂಗಡಿಯಿಂದ ಬಂದ ದಿನ ಅಷ್ಟೂ ಮನೆಗಳಲ್ಲಿ ಬರೀ ಒಂದು. ಬರೆಯುವುದೆಂದರೆ ಬೇಕಾದ ಕಡೆ ಒಂದನ್ನು ಸೊನ್ನೆ ಮಾಡುವುದು. ಅಳಿಸುವುದೆಂದರೆ ಎಲ್ಲವನ್ನೂ ಮತ್ತೆ ಒಂದಕ್ಕೆ ತಂದು ನಿಲ್ಲಿಸುವುದು. ಸ್ಲೇಟು ಬಳಪ ಹಿಡಿದು ಬೆಳೆದ ನನ್ನಂಥವನಿಗೆ ಇದು ಉಲ್ಟಾ ಅನಿಸುತ್ತದೆ. ಆದರೆ ಒಳಗೆ ನಡೆಯುವುದನ್ನು ನೋಡಿದರೆ ಇದೇ ಸರಿ. ಪ್ರತಿಯೊಂದು ಮನೆಯಲ್ಲೂ ಆಕ್ಸೈಡಿನ ಪದರದ ನಡುವೆ, ಯಾವ ತಂತಿಗೂ ತಾಗದೆ, ಒಂದು ಗೇಟು ತೇಲಿಕೊಂಡಿರುತ್ತದೆ. ಹೊರಗಿನಿಂದ ಬಲವಾಗಿ ನೂಕಿದರೆ ಎಲೆಕ್ಟ್ರಾನ್‌ಗಳು ಪದರ ದಾಟಿ ಅದರೊಳಗೆ ಸೇರಿಕೊಳ್ಳುತ್ತವೆ. ಸೇರಿದ ಮೇಲೆ ತಾವಾಗಿ ಆಚೆ ಬರಲು ದಾರಿಯಿಲ್ಲ. ಎಲೆಕ್ಟ್ರಾನ್ ತುಂಬಿದ ಮನೆ ಸೊನ್ನೆ, ಖಾಲಿ ಮನೆ ಒಂದು. 1967ರಲ್ಲಿ ಬೆಲ್ ಲ್ಯಾಬ್ಸ್‌ನ ದವೊನ್ ಕಾಂಗ್ ಮತ್ತು ಸೈಮನ್ ಝೀ ಇಂಥ ತೇಲುವ ಗೇಟನ್ನು ಯೋಚಿಸಿದರು. ಇವತ್ತಿನ ಪೆನ್‌ಡ್ರೈವ್, ಮೊಬೈಲು ಎಲ್ಲದರ ನೆನಪೂ ಅಲ್ಲಿಂದ ಬಂದದ್ದು.

ಕರೆಂಟು ತೆಗೆದರೂ ಈ ಬರಹ ಹೋಗುವುದಿಲ್ಲ. 25 ಡಿಗ್ರಿ ಶಾಖದಲ್ಲಿ 100 ವರ್ಷ, 85 ಡಿಗ್ರಿಯಲ್ಲಿ 20 ವರ್ಷ ಇರುತ್ತದೆ ಎಂದು ತಯಾರಕರು ಬರೆದುಕೊಟ್ಟಿದ್ದಾರೆ. ನೂರು ವರ್ಷದ ಮಾತು ಕೊಟ್ಟ ಆಟ್ಮೆಲ್ ಕಂಪನಿಯೇ 2016ರಲ್ಲಿ ಮೈಕ್ರೊಚಿಪ್ ಕಂಪನಿಯ ಪಾಲಾಯಿತು. ಮಾತು ಮಾತ್ರ ಚಿಪ್‌ನೊಳಗೆ ಹಾಗೇ ಇದೆ.

ಈ ಎಂಟು ಕಾಲಿನದಕ್ಕೆ ಕಾಮಸಮುದ್ರದಲ್ಲಿ ಏನು ಕೆಲಸ ಅಂದರೆ, ಆನೆಯಿಂದ ಮೊದಲು ಮಾಡಬೇಕು. ನಮ್ಮೂರು ಬಂಗಾರಪೇಟೆ ತಾಲ್ಲೂಕಿನ ಹೋಬಳಿ. ಬೆಂಗಳೂರಿನಿಂದ ಚೆನ್ನೈ ಕಡೆ ಹೋಗುವ ರೈಲು ಬಂಗಾರಪೇಟೆ ಬಿಟ್ಟು ಕುಪ್ಪಂ ಮುಟ್ಟುವುದರೊಳಗೆ ಸಿಗುವ ಸಣ್ಣ ಸ್ಟೇಷನ್ನು. ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು. ಆನೆಗಳಿಗೆ ಆ ಗಡಿ ಗೊತ್ತಿಲ್ಲ. ರಾಗಿ ತೆನೆ ಕಟ್ಟುವ ಹೊತ್ತಿಗೆ ತಮಿಳುನಾಡಿನ ಕಾಡಿನಿಂದ ಹಿಂಡು ಬರುತ್ತದೆ. ಬೆಳೆ ತುಳಿಯುತ್ತದೆ, ಕೆಲವೊಮ್ಮೆ ಮನುಷ್ಯರನ್ನೂ. ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟು ಸರದಿಯ ಮೇಲೆ ಬರುವುದು. ಸರದಿ ರಾತ್ರಿ ಬಿತ್ತು ಅಂದರೆ ಟಾರ್ಚು ಹಿಡಿದು ತೋಟಕ್ಕೆ ಹೋಗಿ ಮೋಟರು ಹಾಕಬೇಕು. ಬೋರು ಸಾವಿರ ಅಡಿ ದಾಟಿರುವ ಸೀಮೆ ನಮ್ಮದು. ಬಂದ ಕರೆಂಟನ್ನು ಬಿಟ್ಟರೆ ಟೊಮೆಟೊ ಒಣಗುತ್ತದೆ, ಹೋದರೆ ದಾರಿಯಲ್ಲಿ ಆನೆ. ಅದಕ್ಕೇ ಆಟೊ ಸ್ಟಾರ್ಟರು. ಮೂರೂ ಫೇಸು ಬಂದಿವೆಯಾ ನೋಡಿ ತಾನೇ ಮೋಟರು ಹಾಕಬೇಕು, ನೀರು ನಿಂತರೆ ತಾನೇ ಆಫ್ ಮಾಡಬೇಕು. ಇನ್ನೂ ಒಂದಿದೆ. ಕರೆಂಟು ಬಂದ ಕ್ಷಣಕ್ಕೇ ಊರಿನ ಮೋಟರೆಲ್ಲ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ, ಏಕೆಂದರೆ ಎದ್ದೇಳುವಾಗ ಮೋಟರು ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಆದ್ದರಿಂದ ಒಬ್ಬೊಬ್ಬರ ಸ್ಟಾರ್ಟರೂ ಒಂದೊಂದಷ್ಟು ಹೊತ್ತು ಕಾದು ಎದ್ದರೆ ಒಳ್ಳೆಯದು.

ಇಲ್ಲಿಂದ ಕಣ್ಣಳತೆಯ ದೂರದಲ್ಲಿರುವ ಕೆ.ಜಿ.ಎಫ್ ಚಿನ್ನದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೊಮೀಟರ್ ತಂತಿ ಎಳೆದು ಕರೆಂಟು ತಂದರು. ಬೆಂಗಳೂರಿನ ಬೀದಿದೀಪಕ್ಕಿಂತ ಮೊದಲು. ಆಗಿನ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ತಂತಿಗಳಲ್ಲಿ ಒಂದು. ಅದರ ಪಕ್ಕದ ಹಳ್ಳಿಗಳು ಇವತ್ತಿಗೂ ಕರೆಂಟಿನ ಸರದಿ ಕಾಯುತ್ತಿವೆ ಎಂಬುದನ್ನು ಹೇಳಿ ಮುಂದೆ ಹೋಗುತ್ತೇನೆ, ಅದು ಬೇರೆಯೇ ಬರಹ.

ನನ್ನ ತಂಗಿಯ ಮಗ ಡಿಪ್ಲೊಮಾ ಮಾಡಿದವನು. ಸ್ಟಾರ್ಟರ್ ಪ್ಯಾನೆಲ್ ರಿಪೇರಿ ಮಾಡುತ್ತಾ ಮಾಡುತ್ತಾ ತಾನೇ ಆಟೊ ಸ್ಟಾರ್ಟರಿಗೆ ಸಣ್ಣ ಬೋರ್ಡು ಕಟ್ಟತೊಡಗಿದ. ಒಂದೊಂದು ತೋಟಕ್ಕೂ ಒಂದೊಂದು ಆರ್ಡುಯಿನೊ ಕೊಡುವುದು ದುಬಾರಿ. ಅಷ್ಟು ದೊಡ್ಡ ಬೋರ್ಡು ಅಲ್ಲಿ ಬೇಕಾಗಿಯೂ ಇಲ್ಲ. ಎಟಿಟೈನಿ85 ಸಾಕು. ಆದರೆ ಎಟಿಟೈನಿ85ಗೆ ಯುಎಸ್‌ಬಿ ಕಿಂಡಿ ಇಲ್ಲ, ಕಂಪ್ಯೂಟರಿನ ಜೊತೆ ನೇರ ಮಾತಾಡಲು ಬಾರದು. ಅದಕ್ಕೆ ಬರೆಯಲೆಂದೇ ಮಾರುವ ಪ್ರೋಗ್ರಾಮರ್ ಉಪಕರಣಗಳಿವೆ. ಅದನ್ನೂ ಅವನು ಕೊಳ್ಳಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಒಂದು ಆರ್ಡುಯಿನೊ ಯುನೊ ಅವನ ಬಳಿ ಇದೆ. ಅದನ್ನೇ ಬರೆಯುವ ಕೈಯಾಗಿ ಮಾಡಿಕೊಂಡಿದ್ದಾನೆ. ಒಂದು ಬೋರ್ಡು ಇನ್ನೊಂದು ಚಿಪ್‌ಗೆ ಬರೆದುಕೊಡುತ್ತದೆ. ತೋಟಕ್ಕೆ ಹೋಗುವುದು ಬರೆಸಿಕೊಂಡದ್ದು. ಬರೆದದ್ದು ಮನೆಯಲ್ಲೇ ಉಳಿದು ಮುಂದಿನದಕ್ಕೆ ಕಾಯುತ್ತದೆ.

ಆ ಬೋರ್ಡಿನ ಕುಲಗೋತ್ರವನ್ನೂ ಸ್ವಲ್ಪ ಹೇಳಬೇಕು. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ಮಾಸಿಮೊ ಬಾಂಜಿ ಮತ್ತು ಅವರ ಜೊತೆಗಾರರು ಡಿಸೈನ್ ಓದುವ ಮಕ್ಕಳಿಗೆಂದು ಮಾಡಿದ್ದು ಆರ್ಡುಯಿನೊ. ಸಂಜೆ ಹೊತ್ತು ಕೂರುತ್ತಿದ್ದ ಬಾರಿನ ಹೆಸರನ್ನೇ ಬೋರ್ಡಿಗೆ ಇಟ್ಟರು. ಆ ಬಾರಿಗೆ ಸಾವಿರ ವರ್ಷದ ಹಿಂದಿನ ರಾಜನೊಬ್ಬನ ಹೆಸರು. ನಕ್ಷೆಯನ್ನು ಮುಚ್ಚಿಡದೆ ಜಗತ್ತಿಗೇ ಬಿಟ್ಟುಕೊಟ್ಟದ್ದರಿಂದ ಅದರ ಅಗ್ಗದ ನಕಲು ನಮ್ಮ ರೈಲಿನಲ್ಲಿ ಕೂತು ಕಾಮಸಮುದ್ರಕ್ಕೆ ಬಂತು. ಅದರ ಮೇಲಿರುವ ಮುಖ್ಯ ಚಿಪ್ ಎಟಿಮೆಗಾ328ಪಿ, ಎಟಿಟೈನಿ85ರ ದೊಡ್ಡಣ್ಣ. ಎರಡೂ ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ ಆಲ್ಫ್-ಎಗಿಲ್ ಬೋಗೆನ್ ಮತ್ತು ವೆಗಾರ್ಡ್ ವೊಲ್ಲಾನ್ ಎಂಬ ಇಬ್ಬರು ವಿದ್ಯಾರ್ಥಿಗಳ ತಲೆಯಲ್ಲಿ ಮೊಳೆತ ಎವಿಆರ್ ವಂಶದವು. ರಾಂಡಲ್ ಬೋನ್ ಎಂಬುವರು ಬರೆದ ಆರ್ಡುಯಿನೊ ಐಎಸ್‌ಪಿ ಎಂಬ ಪುಟ್ಟ ಪ್ರೋಗ್ರಾಮನ್ನು ಯುನೊಗೆ ಹಾಕಿದರೆ ದೊಡ್ಡಣ್ಣ ತಮ್ಮನಿಗೆ ಬರೆಯುವವನಾಗುತ್ತಾನೆ.

ತಂತಿ ಆರು. ಎರಡು ಕರೆಂಟಿನವು, ಐದು ವೋಲ್ಟ್ ಮತ್ತು ಗ್ರೌಂಡ್. ಹೇಳಲು ಒಂದು, ಕೇಳಲು ಒಂದು, ತಾಳಕ್ಕೆ ಒಂದು. ಇವು ಯುನೊದ 11, 12, 13ನೇ ಕಾಲುಗಳಿಂದ. ಆರನೆಯದು 10ನೇ ಕಾಲಿನಿಂದ ಹೊರಟು ಚಿಕ್ಕದರ ರೀಸೆಟ್‌ಗೆ ಹೋಗುತ್ತದೆ. 9ನೇ ಕಾಲಿಗೆ ಒಂದು ಎಲ್‌ಇಡಿ ಹಾಕಿದರೆ ಅದು ಮೆಲ್ಲಗೆ ಹೊಳಪೇರಿ ಮೆಲ್ಲಗೆ ಇಳಿಯುತ್ತಿರುತ್ತದೆ. ಬರೆಯುವವನು ಎಚ್ಚರವಾಗಿದ್ದಾನೆ ಎಂಬುದಕ್ಕೆ ಗುರುತು. ಪ್ರೋಗ್ರಾಂ ಬರೆದವರು ಅದಕ್ಕೆ ಎದೆಬಡಿತ ಅಂತಲೇ ಹೆಸರಿಟ್ಟಿದ್ದಾರೆ. ಯಂತ್ರಕ್ಕೆ ಎದೆ ಎಲ್ಲಿಂದ ಬಂತು ಎಂದು ಕೇಳುವ ಮನಸ್ಸಾಗಲಿಲ್ಲ. ನೋಡುತ್ತ ಕೂತರೆ ಬೇರೆ ಹೆಸರು ಸೂಚಿಸಲಾರಿರಿ.

ಇಷ್ಟು ಕಟ್ಟಿಯೂ ಕೆಲಸ ಶುರುವಾಗುವುದಿಲ್ಲ, ಒಂದು ಕೆಪಾಸಿಟರ್ ಬೇಕು. ಯುನೊದ ರೀಸೆಟ್ ಮತ್ತು ಗ್ರೌಂಡಿನ ನಡುವೆ, ಹತ್ತು ಮೈಕ್ರೊಫ್ಯಾರಡ್‌ನದು. ಯಾಕೆಂದು ಕೇಳಿದೆ. ಹುಡುಗ ನಕ್ಕ.

“ಇಲ್ದಿದ್ರೆ ಪಾಠ ತನಗೇ ಅಂದ್ಕೊಳ್ತದೆ ಮಾವ.”

ಮಾತು ತಮಾಷೆಯದಾದರೂ ವಿಷಯ ಅಷ್ಟೇ ನಿಜ. ಕಂಪ್ಯೂಟರು ಮಾತಿಗೆ ಕರೆದಾಗಲೆಲ್ಲ ಯುನೊ ತನ್ನನ್ನು ತಾನು ರೀಸೆಟ್ ಮಾಡಿಕೊಂಡು, ಹೊಸ ಪ್ರೋಗ್ರಾಂ ಬಂತೇ ಎಂದು ಕೆಲ ಕ್ಷಣ ಬಾಯ್ತೆರೆದು ಕಾಯುತ್ತದೆ. ಅದರ ಸ್ವಭಾವವೇ ಹಾಗೆ. ಆಗ ತಮ್ಮನಿಗೆಂದು ಬಂದ ಕರೆಯನ್ನು ತನಗೇ ಎಂದುಕೊಂಡು ಉತ್ತರಿಸಿಬಿಡುತ್ತದೆ. ಆ ಕೆಪಾಸಿಟರ್ ರೀಸೆಟ್‌ನ ಎಳೆತವನ್ನು ತಾನು ನುಂಗಿಕೊಳ್ಳುತ್ತದೆ. ಬೋರ್ಡು ಎಚ್ಚರ ತಪ್ಪದೆ ಕೂತು, ಬಂದದ್ದನ್ನು ಮುಂದಕ್ಕೆ ದಾಟಿಸುತ್ತದೆ. ಯುನೊಗೆ ಈ ಪ್ರೋಗ್ರಾಂ ಹಾಕುವಾಗ ಕೆಪಾಸಿಟರ್ ಇರಬಾರದು, ಹಾಕಿದ ಮೇಲೆ ಇರಬೇಕು. ತನ್ನ ಕಲಿಕೆ ಮುಗಿಸಿಕೊಂಡ ಮೇಲೆ ಅದಕ್ಕೆ ಬೀಗ.

ಇನ್ನು ಮಾತುಕತೆ. ಮೊದಲು ದೊಡ್ಡದು ಚಿಕ್ಕದರ ರೀಸೆಟ್ ಕಾಲನ್ನು ಕೆಳಕ್ಕೆ ಎಳೆದು ಹಿಡಿಯುತ್ತದೆ. ಹಿಡಿದಷ್ಟು ಹೊತ್ತೂ ಚಿಕ್ಕದು ಬೇರೇನನ್ನೂ ಮಾಡಲಾರದು. ತನ್ನೊಳಗೆ ಯಾವ ಪ್ರೋಗ್ರಾಂ ಇದ್ದರೂ ಅದು ನಡೆಯುವುದಿಲ್ಲ, ಕೈಕಾಲೆಲ್ಲ ನಿಂತುಹೋಗುತ್ತವೆ. ಕಿವಿಯೊಂದು ಮಾತ್ರ ತೆರೆದಿರುತ್ತದೆ. ಆಗ ದೊಡ್ಡದು ನಾಲ್ಕು ಬೈಟ್ ಕಳಿಸುತ್ತದೆ: ಎಸಿ, 53, 00, 00. ಚಿಕ್ಕದು ಮೂರನೆಯ ಬೈಟಿನ ಹೊತ್ತಿಗೆ, ತನಗೆ ಎರಡನೆಯದಾಗಿ ಬಂದ 53ನ್ನೇ ತಿರುಗಿ ಹೇಳುತ್ತದೆ. ಕೇಳಿಸಿತು ಎಂಬುದಕ್ಕೆ ಅಷ್ಟೇ ಸಾಕ್ಷಿ. ತಿರುಗಿ ಹೇಳದಿದ್ದರೆ ಇನ್ನೊಮ್ಮೆ ಯತ್ನ. ಹೇಳಿದರೆ ಮುಂದಿನ ಪ್ರಶ್ನೆ, ನೀನು ಯಾರು? ಉತ್ತರ ಮೂರು ಬೈಟಿನದು. ಒನ್-ಇ, ನೈನ್-ತ್ರೀ, ಜೀರೊ-ಬಿ. ಒನ್-ಇ ಅಂದರೆ ಆಟ್ಮೆಲ್ ಮನೆತನ, ಉಳಿದೆರಡು ಎಟಿಟೈನಿ85ರ ಸ್ವಂತ ಹೆಸರು. ಕಂಪನಿ ಕೈ ಬದಲಾದರೂ ಚಿಪ್ ತನ್ನ ಹಳೆಯ ಮನೆತನದ ಹೆಸರನ್ನೇ ಹೇಳುತ್ತದೆ. ಹೆಸರು ತಾಳೆಯಾಗದಿದ್ದರೆ, ಕಂಪ್ಯೂಟರಿನಲ್ಲಿ ಈ ವ್ಯವಹಾರ ನೋಡಿಕೊಳ್ಳುವ ಎವಿಆರ್‌ಡ್ಯೂಡ್ ಎಂಬ ಸಾಫ್ಟ್‌ವೇರ್ ‘ಯೈಕ್ಸ್!’ ಎಂದು ಕೂಗಿ ಬೈಯುತ್ತದೆ. ಎಲ್ಲ ಮುಗಿದ ಮೇಲೆ ‘ಥ್ಯಾಂಕ್ ಯೂ’ ಅನ್ನುತ್ತದೆ. ಇಷ್ಟು ಮರ್ಯಾದೆಯ ಸಾಫ್ಟ್‌ವೇರುಗಳು ಈಗ ಕಡಿಮೆ.

ಈ ಮಾತುಕತೆಯ ರೀತಿ ಒಂದು ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ದೊಡ್ಡದರಲ್ಲಿ ಎಂಟು ಬಿಟ್‌ನ ಒಂದು ಸಾಲು, ಚಿಕ್ಕದರಲ್ಲಿ ಎಂಟು ಬಿಟ್‌ನ ಒಂದು ಸಾಲು. ತಾಳದ ತಂತಿ ಒಮ್ಮೆ ಮಿಡಿದರೆ ದೊಡ್ಡದರಿಂದ ಒಂದು ಬಿಟ್ ಚಿಕ್ಕದಕ್ಕೆ ಸರಿಯುತ್ತದೆ, ಅದೇ ಮಿಡಿತಕ್ಕೆ ಚಿಕ್ಕದರಿಂದ ಒಂದು ಬಿಟ್ ದೊಡ್ಡದಕ್ಕೆ ಸರಿಯುತ್ತದೆ. ಎರಡು ಸಾಲೂ ಸೇರಿ ಒಂದು ಬಳೆ. ಎಂಟು ಮಿಡಿತ ಮುಗಿಯುವ ಹೊತ್ತಿಗೆ ಇವರದು ಅವರ ಬಳಿ, ಅವರದು ಇವರ ಬಳಿ. ಇಲ್ಲಿ ಬರೀ ಹೇಳುವುದು ಎಂಬುದಿಲ್ಲ, ಬರೀ ಕೇಳುವುದೂ ಇಲ್ಲ. ಒಂದು ಬೈಟ್ ಬೇಕಾದರೂ ಒಂದು ಬೈಟ್ ಕೊಡಲೇಬೇಕು. ಕೊಡಲು ಏನೂ ಇಲ್ಲದಾಗ ಸೊನ್ನೆಯನ್ನಾದರೂ ಕೊಟ್ಟು ತೆಗೆದುಕೊಳ್ಳಬೇಕು. ತಾಳವೂ ಬರೆಯುವವನ ಇಷ್ಟಕ್ಕೆ ಬಿಟ್ಟದ್ದಲ್ಲ. ಕಾರ್ಖಾನೆಯಿಂದ ಬಂದ ಹೊಸ ಎಟಿಟೈನಿ85ರ ಓಟ ಸೆಕೆಂಡಿಗೆ ಹತ್ತು ಲಕ್ಷ ಹೆಜ್ಜೆ. ಯುನೊದ್ದು ಒಂದು ಕೋಟಿ ಅರವತ್ತು ಲಕ್ಷ. ತಾಳ ಚಿಕ್ಕದರ ಓಟದ ಕಾಲು ಭಾಗಕ್ಕಿಂತ ನಿಧಾನವಾಗಿರಬೇಕು. ಹದಿನಾರು ಪಟ್ಟು ವೇಗದವನು ತನ್ನ ವೇಗ ಮರೆತು ಹೇಳಿದರೆ ಮಾತ್ರ ಅದು ಬರಹವಾಗುತ್ತದೆ, ಇಲ್ಲವಾದರೆ ಕಸ.

ಗುರು-ಶಿಷ್ಯ ಎನ್ನುವ ಮಾತು ಇಷ್ಟು ಹೊತ್ತಿಗೆ ನಾಲಗೆಯ ತುದಿಗೆ ಬಂದಿರುತ್ತದೆ. ನಾನು ಅದನ್ನು ಬಳಸಲಾರೆ. ಯಾಕೆಂದರೆ ಕಲಿಸುವ ಬೋರ್ಡಿಗೆ ತಾನು ಕಲಿಸುತ್ತಿರುವುದು ಏನೆಂದು ಗೊತ್ತಿಲ್ಲ. ಮೋಟರು, ನೀರು, ಫೇಸು, ಕಾಯಬೇಕಾದ ಹೊತ್ತು, ಇದಾವುದೂ ಅದರೊಳಗೆ ಸುಳಿಯುವುದಿಲ್ಲ. ಬೈಟುಗಳು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತವೆ. ಬರೆದದ್ದನ್ನು ಕೊನೆಗೆ ಒಂದೊಂದಾಗಿ ಓದಿ ತಾಳೆ ನೋಡುವುದುಂಟು. ಆ ತಾಳೆಯನ್ನೂ ಕಂಪ್ಯೂಟರು ನೋಡುತ್ತದೆ, ಬೋರ್ಡು ಓದಿ ಒಪ್ಪಿಸುತ್ತದೆ ಅಷ್ಟೆ. ತನಗೆ ಅರ್ಥವೇ ಆಗದ ಒಂದು ವಿದ್ಯೆಯನ್ನು ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ದಾಟಿಸಿ, ಕೊನೆಗೆ ರೀಸೆಟ್ ಕಾಲನ್ನು ಬಿಡುತ್ತದೆ. ಬಿಟ್ಟ ಮರುಕ್ಷಣ ಚಿಕ್ಕದು ತನ್ನಷ್ಟಕ್ಕೆ ತಾನು ಓಡತೊಡಗುತ್ತದೆ. ದೊಡ್ಡದರಲ್ಲಿ ಆ ವಿದ್ಯೆಯ ಗುರುತೂ ಉಳಿಯುವುದಿಲ್ಲ. ಚಿಕ್ಕದರಲ್ಲಿ ದೊಡ್ಡದರ ಗುರುತಿಲ್ಲ.

“ಇದಕ್ಕೇನೂ ತಿಳೀದೆ ಅದಕ್ಕೆ ಹೆಂಗೋ ತಿಳಿಸ್ತದಲ್ಲೋ,” ಅಂದೆ.

“ಅದಕ್ಕೆ ಮಾತ್ರ ಏನ್ ತಿಳೀತು ಮಾವ?” ಅಂದ.

ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಒಂದು ನೋಡಿದೆ. ಮೂರು ಫೇಸಿನ ಬದಲು ಮೂರು ಸ್ವಿಚ್ ಇಟ್ಟು ಅವನು ಪರೀಕ್ಷೆ ಮಾಡುವಾಗ, ಒಂದು ಸ್ವಿಚ್ ಆಫ್ ಮಾಡಿದರೆ ಚಿಕ್ಕದು ರಿಲೇಯನ್ನು ಬಿಟ್ಟುಬಿಡುತ್ತಿತ್ತು. ಹತ್ತು ಹದಿನೈದು ಸೆಕೆಂಡಿನ ಹಿಂದೆ ಅದರಲ್ಲಿ ಬರೀ ಒಂದುಗಳಿದ್ದವು. ಈಗ ಅದಕ್ಕೆ ಫೇಸ್ ತಪ್ಪಿದ್ದು ಗೊತ್ತಾಗುತ್ತದೆ. ಗೊತ್ತಾಗುತ್ತದೆ ಎಂದು ಬರೆದೆ; ಬೇರೆ ಕ್ರಿಯಾಪದ ಸಿಗಲಿಲ್ಲ.

ಚಿಕ್ಕದನ್ನು ನಿಶ್ಶಬ್ದದಲ್ಲಿ ಹಿಡಿದರೆ ಮಾತ್ರ ಅದಕ್ಕೆ ಕೇಳಿಸುವುದು ಎಂಬುದು ನಮ್ಮ ಸೀಮೆಗೆ ಹೊಸ ಸಂಗತಿಯಲ್ಲ. 1951ರಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ ಕೆ.ಜಿ.ಎಫ್ ಗಣಿಗೆ ಇಳಿದರು. ನಂಜನಗೂಡಿನಲ್ಲಿ ಹುಟ್ಟಿದವರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳ ಕಣಗಳನ್ನು ನೆಲದಡಿ ಅಳೆಯಬೇಕಿತ್ತು. ನೆಲದ ಮೇಲೆ ಅಂಗೈ ಚಾಚಿದರೆ ಸೆಕೆಂಡಿಗೆ ಒಂದರಂತೆ ಮ್ಯುವಾನ್ ಎಂಬ ಕಣ ಅಂಗೈ ತೂರಿ ಹೋಗುತ್ತಿರುತ್ತದೆ. ಆ ಸದ್ದಿನಲ್ಲಿ ಇನ್ನೂ ಸೂಕ್ಷ್ಮವಾದದ್ದೇನೂ ಕೇಳಿಸದು. ಗಣಿಯಲ್ಲಿ ಇಳಿದಷ್ಟೂ ತಲೆಯ ಮೇಲೆ ಬಂಡೆ ಹೆಚ್ಚಿ ಸದ್ದು ಅಡಗುತ್ತ ಹೋಗುತ್ತದೆ. ಅರವತ್ತರ ದಶಕದ ಮೊದಲಲ್ಲಿ ಸುಮಾರು ಎರಡೂಮುಕ್ಕಾಲು ಕಿಲೊಮೀಟರ್ ಆಳದಲ್ಲಿ ಉಪಕರಣ ಇಟ್ಟು ವಾರಗಟ್ಟಲೆ ಕಾದರು, ಒಂದು ಕಣವೂ ಬರಲಿಲ್ಲ. ಬೇರೆಯವರಾಗಿದ್ದರೆ ಪ್ರಯೋಗ ಸೋತಿತು ಎಂದು ಗಂಟುಮೂಟೆ ಕಟ್ಟುತ್ತಿದ್ದರೇನೋ. ಇವರು ಆ ಖಾಲಿತನವನ್ನೇ ಹಿಡಿದುಕೊಂಡರು. ಇಷ್ಟು ಮೌನವಿರುವಲ್ಲಿ, ಬಂಡೆಯನ್ನೂ ಭೂಮಿಯನ್ನೂ ಲೆಕ್ಕಿಸದೆ ತೂರಿಬರುವ ನ್ಯೂಟ್ರಿನೊ ಏನಾದರೂ ಗುರುತು ಬಿಟ್ಟರೆ ಅದು ಕಾಣಿಸಲೇಬೇಕು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೊಮೀಟರ್ ಆಳದಲ್ಲಿ, ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳ ಜೊತೆಗೂಡಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲೂ ಕಂಡಿತು. ವಾತಾವರಣದ ನ್ಯೂಟ್ರಿನೊವನ್ನು ಆ ವರ್ಷಕ್ಕೆ ಮೊದಲು ಜಗತ್ತಿನಲ್ಲಿ ಯಾರೂ ಕಂಡಿರಲಿಲ್ಲ.

ಆ ವಿಶ್ವಕಿರಣಗಳಿಗೂ ಈ ಚಿಪ್‌ಗಳಿಗೂ ನೇರ ಸಂಬಂಧವೇ ಇದೆ. ಕಂಪ್ಯೂಟರಿನ ನೆನಪಿನಲ್ಲಿ ಆಗಾಗ ಕಾರಣವಿಲ್ಲದೆ ಒಂದು ಬಿಟ್ ಮಗುಚಿಬೀಳುವುದು ಇವುಗಳಿಂದಲೂ ಆಗಬಹುದು ಎಂದು 1979ರಲ್ಲಿ ಐಬಿಎಂನ ಜೇಮ್ಸ್ ಝೀಗ್ಲರ್, ಯೇಲ್‌ನ ವಿಲಿಯಂ ಲ್ಯಾನ್‌ಫರ್ಡ್ ಲೆಕ್ಕ ಹಾಕಿ ತೋರಿಸಿದರು. ತೇಲುವ ಗೇಟಿನ ಬರಹ ಉಳಿದ ನೆನಪುಗಳಿಗಿಂತ ಗಟ್ಟಿ. ಆದರೂ ಎಲ್ಲೋ ನಕ್ಷತ್ರವೊಂದು ಸಿಡಿದಾಗ ಹೊರಟ ಧೂಳು ನಮ್ಮ ತೋಟದ ಸ್ಟಾರ್ಟರ್ ಡಬ್ಬಿಯನ್ನು ತೂರಿಕೊಂಡು ಹೋಗುತ್ತಿದೆ ಎಂಬುದನ್ನು ಒಮ್ಮೆ ತಿಳಿದ ಮೇಲೆ ಮರೆಯುವುದು ಕಷ್ಟ. ಅದರಿಂದ ತಪ್ಪಿಸಿಕೊಳ್ಳಬೇಕೆಂದರೆ ಗಣಿಗೆ ಇಳಿಯಬೇಕು. ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು. ಆ ಮೌನದ ಜಾಗಕ್ಕೆ ಈಗ ಯಾರೂ ಇಳಿಯಲಾರರು. ನೂರಿಪ್ಪತ್ತು ವರ್ಷ ಕೈಯಿಂದ ಕೈಗೆ ಬಂದ ಬಂಡೆಯ ತಿಳಿವಳಿಕೆ, ಮೇಲ್ಚಾವಣಿ ಸದ್ದು ಮಾಡಿದರೆ ಯಾವ ಸದ್ದಿಗೆ ಓಡಬೇಕು ಎಂಬಂಥದ್ದು, ಮುಂದಿನ ಕೈ ಸಿಗದೆ ನಿಂತಿತು. ಆ ಮನೆಗಳ ಮಕ್ಕಳು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ.

ಈಗ ನನಗೆ ನಿದ್ದೆ ಕೊಡದ ಪ್ರಶ್ನೆ. ಚಿಕ್ಕದಕ್ಕೆ ಯುನೊ ಬರೆದುಕೊಟ್ಟಿತು, ಸರಿ. ಯುನೊಗೆ ಯಾರು ಬರೆದರು? ಅದರ ಎಟಿಮೆಗಾ ಕೂಡ ಒಂದು ದಿನ ಬರೀ ಒಂದುಗಳಿಂದ ತುಂಬಿತ್ತು. ಅದಕ್ಕೆ ಬೂಟ್‌ಲೋಡರ್ ಎಂಬ ಮೊದಲ ತುತ್ತನ್ನು, ಆಪ್ಟಿಬೂಟ್ ಅಂತ ಅದರ ಹೆಸರು, 512 ಬೈಟಿನ ಜಾಗ ಸಾಕು, ಕಾರ್ಖಾನೆಯ ಯಾವುದೋ ಪ್ರೋಗ್ರಾಮರ್ ಹಾಕಿರಬೇಕು. ಆ ಪ್ರೋಗ್ರಾಮರಿನೊಳಗೂ ಒಂದು ಚಿಪ್. ಅದಕ್ಕೆ ಬರೆದದ್ದು ಇನ್ನೊಂದು. ಅಮ್ಮನ ಕಾಲದಲ್ಲಿ ಹೆಪ್ಪು ಮುಗಿದರೆ ಪಕ್ಕದ ಮನೆಗೆ ಲೋಟ ಹಿಡಿದು ಹೋಗುತ್ತಿದ್ದೆವು. ನಿನ್ನೆಯ ಮೊಸರಿಲ್ಲದೆ ಇವತ್ತಿನ ಹಾಲು ಮೊಸರಾಗದು. ನಿನ್ನೆಯದಕ್ಕೆ ಮೊನ್ನೆಯದು. ಊರಿನ ಎಲ್ಲ ಮನೆಯ ಮೊಸರೂ ಹೀಗೆ ಒಂದಕ್ಕೊಂದು ನೆಂಟ. ಹಾಗಾದರೆ ಮೊದಲ ಹೆಪ್ಪು ಯಾರ ಮನೆಯದು ಎಂದು ಕೇಳಿದರೆ ಅಮ್ಮ, ಯಾರ ಮನೆಯಲ್ಲೂ ಸಿಗದ ದಿನ ಹಸಿಮೆಣಸಿನಕಾಯಿ ತೊಟ್ಟು ಹಾಕು, ಆಗುತ್ತದೆ ಅನ್ನುತ್ತಿದ್ದಳು. ನಿಜವಾಗಿ ಆಗುತ್ತದೆ.

ಕಂಪ್ಯೂಟರಿನ ಲೋಕದಲ್ಲಿ ಮೆಣಸಿನಕಾಯಿ ತೊಟ್ಟಿಗೆ ಸಮನಾದದ್ದು ಮನುಷ್ಯನ ಬೆರಳು. 1975ರಲ್ಲಿ ಆಲ್ಟೇರ್ 8800 ಎಂಬ ಯಂತ್ರ ಬಂತು. ಕೀಲಿಮಣೆ ಇಲ್ಲ, ಪರದೆ ಇಲ್ಲ, ಎದುರಿಗೆ ಸಾಲಾಗಿ ಸ್ವಿಚ್ಚುಗಳು, ಸಾಲಾಗಿ ದೀಪಗಳು. ಕರೆಂಟು ಹಾಕಿದಾಗ ಅದಕ್ಕೆ ಏನೂ ತಿಳಿಯದು. ಪೇಪರ್ ಟೇಪು ಓದುವುದು ಹೇಗೆಂದೂ ತಿಳಿಯದು. ಆದ್ದರಿಂದ ಟೇಪು ಓದಲು ಕಲಿಸುವ ಪುಟ್ಟ ಪ್ರೋಗ್ರಾಮನ್ನು ಒಂದೊಂದು ಬೈಟಾಗಿ ಸ್ವಿಚ್ಚುಗಳ ಮೇಲೆ ಬೆರಳಿನಿಂದ ಹಾಕಬೇಕು. ಪಾಲ್ ಅಲೆನ್ ಮತ್ತು ಬಿಲ್ ಗೇಟ್ಸ್ ಈ ಯಂತ್ರಕ್ಕೆಂದು ಬೇಸಿಕ್ ಭಾಷೆಯನ್ನು ಬರೆದದ್ದು ಯಂತ್ರವನ್ನು ಮುಟ್ಟದೆಯೇ. ಹಾರ್ವರ್ಡಿನ ಪಿಡಿಪಿ-10 ಎಂಬ ದೊಡ್ಡ ಕಂಪ್ಯೂಟರಿನಲ್ಲಿ ಆ ಚಿಕ್ಕದರ ವೇಷ ಕಟ್ಟಿಸಿ ಅದರೊಳಗೆ ಬರೆದರು. ದೊಡ್ಡದರ ಕೈಯಿಂದ ಚಿಕ್ಕದಕ್ಕೆ ಬರೆಸುವ ನಮ್ಮ ಹುಡುಗನ ಕೆಲಸದ್ದೇ ಹಳೆಯ ರೂಪ. ಟೇಪು ಹಿಡಿದು ಅಲೆನ್ ಆ ಯಂತ್ರವಿದ್ದ ಅಲ್ಬುಕರ್ಕಿಗೆ ವಿಮಾನ ಹತ್ತಿದರು. ವಿಮಾನ ಕೆಳಗಿಳಿಯುತ್ತಿರುವಾಗ ನೆನಪಾಯಿತು, ಟೇಪು ಓದಿಸುವ ಆ ಮೊದಲ ಪ್ರೋಗ್ರಾಮನ್ನೇ ಬರೆದಿಲ್ಲ. ಕೂತಲ್ಲೇ ಕಾಗದದ ಮೇಲೆ ಯಂತ್ರದ ಅಂಕಿಗಳಲ್ಲಿ ಬರೆದರು. ಆಲ್ಟೇರ್‌ನ ಮುಂದೆ ನಿಂತು ಸ್ವಿಚ್ಚು ಒತ್ತಿ ಹಾಕಿದರು. ಟೇಪು ಓಡಿತು. ಯಂತ್ರ ಮಾತಾಡಿತು.

ಅವತ್ತು ಆ ಬೆರಳು ಮುಟ್ಟಿಸಿದ ಸರಪಳಿಯೇ ಈ ಯುನೊವರೆಗೆ ಬಂತೆಂದು ಹೇಳಲಾರೆ. ಅಂಥ ಸರಪಳಿಗಳು ಬೇಕಾದಷ್ಟಿವೆ, ಅದಕ್ಕಿಂತ ಹಳೆಯವೂ ಇವೆ. ಆದರೆ ಯಾವುದನ್ನೇ ಹಿಡಿದು ಹಿಂದೆ ಹಿಂದೆ ಹೋದರೂ ಕೊನೆಗೆ ಒಂದು ಸ್ವಿಚ್ಚು, ಒಂದು ತಂತಿ, ತೂತು ಮಾಡಿದ ಒಂದು ಕಾಗದ, ಅದನ್ನು ಹಿಡಿದ ಒಂದು ಕೈ ಸಿಗಲೇಬೇಕು. ಅಲ್ಲಿಂದೀಚೆಗೆ ಯಂತ್ರ ಯಂತ್ರಕ್ಕೆ ದಾಟಿಸುತ್ತ ಬಂದಿದೆ, ಏನನ್ನು ದಾಟಿಸುತ್ತಿದ್ದೇನೆಂದು ಯಾವುದಕ್ಕೂ ತಿಳಿಯದೆ. ನಡುವೆ ಒಂದೇ ಒಂದು ಕೊಂಡಿ ಕಳಚಿದ್ದರೂ ಮತ್ತೆ ಬೆರಳಿನಿಂದ ಶುರು ಮಾಡಬೇಕಿತ್ತು. ತೋಟದ ಮೂಲೆಯ ಡಬ್ಬಿಯಲ್ಲಿ ಕೂತ ಆ ಎಂಟು ಕಾಲಿನದರ ಹಿಂದೆ ಇಷ್ಟುದ್ದ ಸಾಲು ನಿಂತಿದೆ ಎನ್ನುವುದು ನನಗೆ ಗಣಿಯ ಆಳಕ್ಕಿಂತ ಹೆಚ್ಚು ದಿಗ್ಭ್ರಮೆ ಹುಟ್ಟಿಸುತ್ತದೆ.

ಕಿವಿ ಮುಚ್ಚಿಹೋಗುವುದೂ ಉಂಟು. ಎಟಿಟೈನಿ85ರ ಎಂಟು ಕಾಲಲ್ಲಿ ಎರಡು ಕರೆಂಟಿಗೆ, ಒಂದು ರೀಸೆಟ್‌ಗೆ ಹೋದರೆ ಕೆಲಸಕ್ಕೆ ಉಳಿಯುವುದು ಐದು. ಆರನೆಯದು ಇದ್ದಿದ್ದರೆ ಎಂದು ಯಾರಿಗಾದರೂ ಅನಿಸುತ್ತದೆ. ಚಿಪ್‌ನಲ್ಲಿ ಫ್ಯೂಸ್ ಎಂಬ ಕೆಲವು ಬಿಟ್‌ಗಳಿವೆ. ಅದರಲ್ಲಿ ಒಂದನ್ನು ಬದಲಿಸಿದರೆ ರೀಸೆಟ್ ಕಾಲು ಕೂಡ ಕೆಲಸಕ್ಕೆ ಬರುತ್ತದೆ. ಬಂದ ಮೇಲೆ ಅದನ್ನು ಹಿಡಿದು ನಿಲ್ಲಿಸುವಂತಿಲ್ಲ. ನಿಲ್ಲಿಸದೆ ಅದು ಕೇಳುವುದಿಲ್ಲ. ಒಂದು ಕಾಲಿನ ಆಸೆಗೆ ಆರು ತಂತಿಯ ದಾರಿ ಮುಚ್ಚಿತು. ಬರೆದದ್ದನ್ನು ಮಾಡಿಕೊಂಡು ಅದು ತನ್ನ ಪಾಡಿಗೆ ಇರುತ್ತದೆ, ಹೊಸದನ್ನು ಮಾತ್ರ ಕಲಿಯದು. ಮತ್ತೆ ಕೇಳುವಂತೆ ಮಾಡಲು ಆ ಕಾಲಿಗೆ 12 ವೋಲ್ಟ್ ಕೊಟ್ಟು ಬೇರೆ ಉಪಾಯ ಹೂಡಬೇಕು. ಐದು ವೋಲ್ಟಿನ ಮೃದು ಮಾತಿಗೆ ಬಗ್ಗದ್ದು ಹನ್ನೆರಡಕ್ಕೆ ಬಗ್ಗುತ್ತದೆ. ಹುಡುಗ ಈ ಆಸೆಗೆ ಬೀಳದವನು. “ಐದ್ರಲ್ಲೇ ಮುಗಿಸ್ಬೇಕು ಮಾವ,” ಅನ್ನುತ್ತಾನೆ.

ಕಳೆದ ಸಲ ಊರಿಗೆ ಹೋದಾಗ ಅವನು ಹೊಸ ಆಟವೊಂದನ್ನು ಹೂಡಿದ್ದ. ಬ್ರೆಡ್‌ಬೋರ್ಡಿನ ಮೇಲೆ ಹೊಸ ಎಟಿಮೆಗಾ328ಪಿ ಚಿಪ್, ಪಕ್ಕದಲ್ಲಿ 16 ಮೆಗಾಹರ್ಟ್ಸ್‌ನ ಕ್ರಿಸ್ಟಲ್, ಎರಡು ಪುಟಾಣಿ ಕೆಪಾಸಿಟರ್. ಮೊದಲು ಯುನೊ ಕೈಯಿಂದ ಅದಕ್ಕೆ ಬೂಟ್‌ಲೋಡರ್ ಬರೆಸಿದ. ಆಮೇಲೆ ಯುನೊದೊಳಗಿರುವ ಆ ಬರೆಯುವ ಪ್ರೋಗ್ರಾಮನ್ನೇ ಅದಕ್ಕೂ ಹಾಕಿದ. ಇಬ್ಬರೂ ಈಗ ಸರಿಸಮ, ಇಬ್ಬರಿಗೂ ಬರೆಯಲು ಬರುತ್ತದೆ. ಆರೂ ತಂತಿಗಳನ್ನು ಕಿತ್ತು ಅದಲುಬದಲು ಮಾಡಿದ. ಕಂಪ್ಯೂಟರಿನ ತಂತಿ ಈಗ ಹೊಸದಕ್ಕೆ, ಹೊಸದರ ತಂತಿ ಯುನೊದ ರೀಸೆಟ್‌ಗೆ.

“ಏನ್ ಮಾಡ್ತಾ ಇದ್ದೀಯೋ?”

“ಹಳೇದರ ಬೂಟ್‌ಲೋಡರ್ ಹಳೇದಾಯ್ತು. ಹೊಸದರ ಕೈಲಿ ಹೊಸದು ಬರೆಸ್ತೀನಿ.”

ಹೊಸದು ಯುನೊವನ್ನು ಹಿಡಿದು ನಿಲ್ಲಿಸಿತು. ನಾಲ್ಕು ಬೈಟ್ ಹೇಳಿತು. ಯುನೊ 53 ಎಂದು ತಿರುಗಿ ಹೇಳಿತು. ನೀನು ಯಾರು ಎಂದು ಕೇಳಿತು. ಒನ್-ಇ, ನೈನ್-ಫೈವ್, ಜೀರೊ-ಎಫ್. ಆಮೇಲೆ ಮೊದಲ ಕೆಲಸವಾಗಿ ಅಳಿಸಿತು. ತನಗೆ ಬರೆಯಲು ಕಲಿಸಿದ ಪ್ರೋಗ್ರಾಂ ಸಮೇತ ಯುನೊದ ಎಲ್ಲವೂ ಹೋಯಿತು. ನನಗೆ ಒಂದು ಕ್ಷಣ ಎದೆ ಹೊಡೆದುಕೊಂಡದ್ದು ನಿಜ. ಹುಡುಗ ಫೋನಿನಲ್ಲಿ ಏನೋ ನೋಡುತ್ತಿದ್ದ. ಬರೆದಾಯಿತು, ತಾಳೆ ನೋಡಿಯಾಯಿತು, ಥ್ಯಾಂಕ್ ಯೂ ಬಂತು. ಯುನೊಗೆ ಬರೆಯುವ ಪ್ರೋಗ್ರಾಮನ್ನು ಮತ್ತೆ ಹಾಕಿದ. 9ನೇ ಕಾಲಿನ ದೀಪ ಏರಿಳಿಯತೊಡಗಿತು.

“ಈಗ ಎರಡಾದ್ವು ಮಾವ. ಇದನ್ನ ಬೇತಮಂಗಲದ ಹುಡುಗನಿಗೆ ಕೊಡ್ತೀನಿ, ದಿನಾ ಕೇಳ್ತಾವ್ನೆ,” ಎಂದು ಬ್ರೆಡ್‌ಬೋರ್ಡನ್ನು ಟಿಫನ್ ಡಬ್ಬಿಯೊಳಗಿಟ್ಟ. “ಕೆಪಾಸಿಟರ್ ಮಾತ್ರ ಅವನೇ ತಂದ್ಕೊಳ್ಲಿ.”